ಕುಕ್ಕರಗಾಲು

ಕಕ್ಕಸ್ಸಿಗೆ ಕೂರುವುದೇ ಪುಷ್ಪಳಿಗೆ ದೊಡ್ಡ ಪಾಡು. ಒಂದು ಕೈಲಿ ನಲ್ಲಿ ಪೈಪು ಹಿಡಿದು, ಎಡಗಾಲು ಮುಂದಕ್ಕೆ ಚಾಚಿ, ಹಲ್ಲು ಕಚ್ಚಬೇಕು. ಮಂಡಿ ಆಪರೇಷನ್ನಾಗಿ ಐದು ತಿಂಗಳು. ಮೂಳೆಗೆ ಮೂಳೆ ತಿಕ್ಕದಂಗೆ ನಡುವೆ ಇರುವ ಮೆತ್ತೆ ಕಿತ್ತುಹೋಗಿತ್ತು. ಮೈಸೂರಿನ ಡಾಕ್ಟರು ಸರಿಮಾಡಿ, "ವರ್ಷ ತುಂಬೋವರೆಗೂ ಕುಕ್ಕರಗಾಲಲ್ಲಿ ಕೂರಬೇಡಮ್ಮ. ಕೂತ್ರೆ ಈ ಕಾಲು ಮತ್ತೆ ಆಟಕ್ಕೆ ಬರಲ್ಲ" ಅಂದಿದ್ದರು.

ಅವಳ ಆಟವೋ ಖೋ-ಖೋ. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲೇ ಕೂರಬೇಕು, ಒಬ್ಬಳು ಓಡಬೇಕು.

ಅವಳಿದ್ದ ಕೊಳ್ಳೇಗಾಲದ ಕಾಲೇಜಿನ ಆಟಗಾರ್ತಿಯರ ಹಾಸ್ಟೆಲಿಗೆ ಕೋಚ್ ಮೋಹನ್ ಸರ್ ಹೇಳಿದ್ದೇ ಕಾನೂನು.

"ನಾಳೆ ಮ್ಯಾಚು. ಒಬ್ಬಳು ಕಮ್ಮಿ. ನೀನು ಬರೀ ಕೂತ್ಕೋ, ಯಾರೂ ಖೋ ಕೊಡಲ್ಲ."

"ಕೂರೋದೇ ಬ್ಯಾಡ ಅಂದವ್ರೆ ಸಾ."

"ಆಟ ಆಡ್ದೇ ಇರೋಳಿಗೆ ಹಾಸ್ಟೆಲ್ ಯಾಕೆ? ಪೋಡಿಗೆ ಹೊರಡು. ನಿಮ್ಮಮ್ಮನೇ ಒಪ್ಪಿದ್ದಾಳೆ, ನೋಡು."

ಮಂಡಿಗೆ ಏನಾದರೂ ನಾವೇ ಹೊಣೆ, ಅಂತಿತ್ತು ಅವರು ಚಾಚಿದ ಕಾಗದ. ಕೆಳಗೆ ಅವ್ವನ ಸೈನು.

ಬೆಟ್ಟದ ಪೋಡಿಗೆ, ಕಾಡೊಳಗಿನ ಅವಳ ಹಾಡಿಗೆ, ಫೋನು ಹತ್ತಿದ್ದು ನಾಲ್ಕನೇ ಸಲಕ್ಕೆ.

"ಊಂ ಕಣವ್ವ, ಸಾರು ಬಂದಿದ್ರು," ಅಂದಳು ಅವ್ವ ಕೇತಮ್ಮ. "ಎಬ್ಬೆಟ್ಟು ಒತ್ತು ಅಂದ್ರು. ನಾನ್ಯಾಕೆ ಒತ್ಲಿ? ಸಂಘದಲ್ಲಿ ಕಲ್ತಿವ್ನಿ, ದೊಡ್ಡದಾಗಿ ಸೈನೇ ಹಾಕ್ದೆ!"

"ಓದಿಸ್ಕಂಡ್ಯಾ?"

"ಆಸ್ಟ್ಲು ಕಾಗ್ದ ಅಂದ್ರಲ್ಲ. ಯಾಕವ್ವ, ಅಕ್ಸರ ತಪ್ಪೋಯ್ತಾ?"

"ಇಲ್ಲ ಕಣವ್ವ. ಚೆಂದಾಗದೆ."

ಪಕ್ಕದಲ್ಲಿದ್ದ ಶಾಗ್ಯದ ಸೌಮ್ಯ, ಟೀಮಿನ ಕ್ಯಾಪ್ಟನ್ನು, ಕಣ್ಣು ಕೆಂಪಗೆ ಮಾಡಿಕೊಂಡು, "ಲೇ, ಊರಿಗೆ ಓಗ್ಬಿಡೆ" ಅಂದಳು.

"ಓಗಿ ಕಾಲೇಜು ಬುಡ್ಲಾ? ಪೋಡಿಂದ ದಿನಾ ಬರಕಾದದಾ?"



ಬೆಳಿಗ್ಗೆ ಮೈದಾನದಲ್ಲಿ ರೆಫರಿ ಸೀಟಿ ಊದಿದ. ಏಳು ಜನ ಕೂತರು. ಪುಷ್ಪ ಮಂಡಿ ಬಗ್ಗಿಸಲು ನೋಡಿದಳು. ಒಳಗೆ ಏನೋ ಕಟಕ್ಕೆಂದಿತು. ನೆಟ್ಟಗೆ ನಿಂತುಬಿಟ್ಟಳು.

"ಕೂತ್ಕೊಳ್ಳೇ!" ಗೆರೆಯಾಚೆಯಿಂದ ಮೋಹನ್ ಸರ್.

"ಕೂರಲ್ಲ ಸಾ."

"ಪೇಪರ್ ನೆನಪಿದೆಯಾ?"

"ಸೈನು ನಮ್ಮವ್ವಂದು ಸಾ. ಮಂಡಿ ನಂದು."

ಜನ ನಕ್ಕರು. ಸೌಮ್ಯ ನಗಲಿಲ್ಲ, ಎದ್ದಳು.

"ಏಯ್, ನಿಂಗೇನೇ ರೋಗ?"

"ನಂಗೂ ಮಂಡಿ ಅವೆ ಸಾ, ಎಲ್ಡು."

ಅವಳ ಪಕ್ಕದವಳು ಎದ್ದಳು. ಆಮೇಲೆ ಇನ್ನೊಬ್ಬಳು. ರೆಫರಿ ಮತ್ತೆ ಸೀಟಿ ಊದಿದ. ಆ ಸಾಲಿನಲ್ಲಿ ಯಾರೂ ಕೂರಲಿಲ್ಲ.

ಸಂಜೆ ಹಾಸ್ಟೆಲಿಗೆ ಬೀಗ. ಜಗಲಿ ಮೇಲೆ ಒಂದಲ್ಲ, ಒಂಬತ್ತು ಟ್ರಂಕು ಬಿದ್ದಿದ್ದವು.

ಕೊನೆ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಒಬ್ಬಳೂ ಹತ್ತಲಿಲ್ಲ.