ಇಪ್ಪತ್ತು ನಿಮಿಷದ ಪದ್ಯ

ಡಲ್ಸಿ ಅಪ್ಪನ ಟೈ ಗಂಟನ್ನು ಎರಡನೇ ಸಲ ಬಿಚ್ಚಿ ಕಟ್ಟುತ್ತಿದ್ದಳು. ಮುಂಕೋಣೆಯ ಕಿಟಕಿಯಡಿ, ತೆರೆದ ಶವಪೆಟ್ಟಿಗೆಯಲ್ಲಿ ಅಪ್ಪ ಲಿಯಾಂಡರ್ ಮಲಗಿದ್ದ.

"ಬಿಡೇ ಮಗಳೇ," ಅಂದ ಚಿಕ್ಕಪ್ಪ ಹೆಡ್ಲಿ, ಟೀ ಹೀರುತ್ತ. "ಅವನ ಟೈ ಯಾವತ್ತು ನೆಟ್ಟಗಿತ್ತು? ಸರಿಮಾಡಿದ್ರೆ ಮೇಲೆ ಸ್ವರ್ಗದ ಬಾಗಿಲಲ್ಲಿ ಸೇಂಟ್ ಪೀಟರ್‌ಗೆ ಗುರ್ತೇ ಸಿಗಲ್ಲ."

ಬೆಳಗಿನಿಂದ ಬಂದವರಲ್ಲಿ ಅರ್ಧ ಜನ ಅವಳಿಗೆ ಹೊಸಬರು. ಸೇಂಟ್ ಜಾನ್ಸ್ ಊರಿನ ಆಸ್ಪತ್ರೆಯಲ್ಲಿ ಅಪ್ಪನ ಸ್ಕ್ಯಾನ್ ಕ್ಯಾಮೆರಾದ ಕೆಳಗೆ ಒಂದು ಕಾಲಕ್ಕೆ ಮಲಗಿದ್ದ ಮಕ್ಕಳು. ಈಗ ತಲೆ ನರೆಯುತ್ತಿರುವವರು. ಪೆಟ್ಟಿಗೆಯ ಬಳಿ ನಿಂತು ಎಲ್ಲರೂ ಅಪ್ಪ ಆಗ ಹೇಳುತ್ತಿದ್ದ ಒಂದೇ ಪದ್ಯ ಗುನುಗಿದರು. ಎಲ್ಲರೂ ಒಂದೇ ಸಾಲಿಗೆ ನಿಲ್ಲಿಸಿದರು:

ಮಂಜು ಮುಸುಕಿದೆ ಕಡಲು, ಹುಟ್ಟು ಹಾಕೋ ತಮ್ಮ,
ದೀಪ ಕಂಡಿತು ಅಲ್ಲಿ, ದಡ ಕಾಣದು...

"ಮುಂದೆ?" ಡಲ್ಸಿ ಒಬ್ಬೊಬ್ಬರನ್ನೂ ಕೇಳಿದಳು.

"ಮುಂದೆ ಗೊತ್ತಿಲ್ಲ ತಾಯಿ. ಅಷ್ಟೊತ್ತಿಗೆ ಮೆಷಿನ್ ನಿಲ್ತಿತ್ತು. 'ಏಳಪ್ಪಾ, ಹೋಗಿ ಉಚ್ಚೆ ಹೊಯ್ಕೊಂಡು ಬಾ' ಅನ್ನೋರು ನಿಮ್ಮಪ್ಪ."

*

ಸೀಸದ ಡಬ್ಬಿಯಿಂದ ಸಿರಿಂಜ್ ತೆಗೆದು ಲಿಯಾಂಡರ್ ಮಗುವಿನ ತೋಳಿಗೆ ಹನಿಯಷ್ಟು ವಿಕಿರಣದ ಮದ್ದು ಕೊಡುತ್ತಿದ್ದ. ಅದು ರಕ್ತದಲ್ಲಿ ಸುತ್ತಿ, ಎರಡು ಕಿಡ್ನಿಗಳಿಗಿಳಿದು, ಹರಿದುಹೋಗುವುದನ್ನು ಕ್ಯಾಮೆರಾ ಇಪ್ಪತ್ತು ನಿಮಿಷ ನೋಡಬೇಕು. ಮಗು ಅಲುಗಿದರೆ ಚಿತ್ರವೆಲ್ಲ ಕಲಸಿಹೋಗುತ್ತದೆ. ಅದಕ್ಕೇ ಪದ್ಯ: ಮನೆಗೆ ಮರಳುವ ಒಂದು ದೋಣಿಯ ಕತೆ. ಅವನೇ ಕಟ್ಟಿದ್ದು, ಎಲ್ಲೂ ಬರೆದಿಟ್ಟಿರಲಿಲ್ಲ.

"ಅಪ್ಪಾ, ನಂಗೂ ಹೇಳು," ಅಂದಿದ್ದಳು ಏಳು ವರ್ಷದ ಡಲ್ಸಿ.

"ಅದನ್ನ ಕೇಳೋರು ಕಾಯಿಲೆ ಮಕ್ಕಳು ಕಂದಾ. ಆ ಪದ್ಯ ಈ ಮನೆಗೆ ಬರೋದು ಬೇಡ."

ಮರುದಿನ ಅವಳು ಸೊಂಟ ನೋವೆಂದು ಸುಳ್ಳು ಹೇಳಿ, ಅಂಗಾತ ಮಲಗಿ, ಅಲುಗದೆ ಪದ್ಯಕ್ಕೆ ಕಾದಳು. ಅಪ್ಪ ಹಣೆ ಮುಟ್ಟಿ ನೋಡಿದ. ದೀಪ ಆರಿಸಿ ಹೋದ.

*

ಶವದ ಗಾಡಿ ಬಂದು ಬಾಗಿಲಲ್ಲಿ ಗುರುಗುಟ್ಟುತ್ತಿತ್ತು. ಜನ ಕೋಟು ಹಾಕಿಕೊಂಡು ಹೊರಗೆ ಹೊರಟಿದ್ದರು. ಆಗ ಫಿಲೊಮಿನಾ ಎಂಬ ತೆಳ್ಳನೆಯ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು.

"ನಾನೂ ನಿಮ್ಮಪ್ಪನ ಸ್ಕ್ಯಾನ್ ಮೇಜಿನ ಮೇಲೆ ಮಲಗಿದ್ದವಳೇ," ಅಂದಳು. "ಮೂರು ಸಲ. ನನ್ನ ಎಡಗಡೆ ಕಿಡ್ನಿ ಶುದ್ಧ ಸೋಮಾರಿ, ಮದ್ದನ್ನ ಕೆಳಗೆ ಬಿಡ್ತಾನೇ ಇರ್ಲಿಲ್ಲ. ಇಪ್ಪತ್ತು ನಿಮಿಷ ಆದ್ಮೇಲೆ ಉಚ್ಚೆ ಬರಿಸೋ ಸೂಜಿ ಹಾಕಿ, ಮತ್ತೆ ಇಪ್ಪತ್ತು ನಿಮಿಷ ಮಲಗಿಸೋರು."

ಡಲ್ಸಿಯ ಕೈ ಪೆಟ್ಟಿಗೆಯ ಅಂಚಿನಲ್ಲೇ ನಿಂತಿತು. "ಹಾಗಾದ್ರೆ ಪದ್ಯ..."

"ಪೂರ್ತಿ ಕೇಳಿದೀನಿ."

"ಫಾದರ್ ಚರ್ಚಲ್ಲಿ ಕಾಯ್ತಿದಾರೆ ಕಣೇ," ಅಂದ ಹೆಡ್ಲಿ.

"ಕಾಯ್ಲಿ ಚಿಕ್ಕಪ್ಪ." ಅವಳು ಫಿಲೊಮಿನಾಗೆ ಕುರ್ಚಿ ಎಳೆದುಕೊಟ್ಟಳು.

ಫಿಲೊಮಿನಾ ಕಣ್ಣು ಮುಚ್ಚಿದಳು. "ದನಿಯೊಂದು ಬಂತು ಕೇಳೋ ತಮ್ಮ, ನೀರ ಮೇಲೆ..."

ಅಂಗಳಕ್ಕಿಳಿದಿದ್ದವರು ಒಬ್ಬೊಬ್ಬರಾಗಿ ಹಿಂತಿರುಗಿ ಬಾಗಿಲಲ್ಲಿ ಒತ್ತೊತ್ತಾಗಿ ನಿಂತರು. ಹೆಡ್ಲಿ ಅವರ ನಡುವೆ ತೂರಿಕೊಂಡು ಹೊರಗೆ ಹೋಗಿ ಚಾಲಕನಿಗೆ ಏನೋ ಹೇಳಿದ. ಗಾಡಿಯ ಇಂಜಿನ್ ನಿಂತಿತು.