ಕೊಟ್ಟಿಗೆ ಪಕ್ಕದ ದಾರಿ

ಸೈಕಲ್ಲಿನ ಮುಂದಿನ ಚಕ್ರವನ್ನು ಮುಳ್ಳುತಂತಿಯ ಆಚೆ ಇಳಿಸಿ, ಹಿಂದಿನದನ್ನು ಎತ್ತಬೇಕೆನ್ನುವಷ್ಟರಲ್ಲಿ ಒಡಿಲಳ ಪ್ಯಾಂಟಿನ ಅಂಚು ತಂತಿಗೆ ಸಿಕ್ಕಿಕೊಂಡಿತು. ಒಂದು ಕಾಲು ಈಚೆ, ಒಂದು ಕಾಲು ಆಚೆ. ಹಿಂದಕ್ಕೆ ಬರುವಂತಿಲ್ಲ, ಮುಂದಕ್ಕೆ ಹೋದರೆ ಬಟ್ಟೆ ಹರಿಯುತ್ತದೆ. ಮೇಲಿನ ಹುಲ್ಲುಗಾವಲಿನಲ್ಲಿ ಓಡುತ್ತಿದ್ದ ಟ್ರ್ಯಾಕ್ಟರಿನ ಸದ್ದು ನಿಂತಿತು. ಅವಳು ತಲೆ ಎತ್ತಲಿಲ್ಲ. ಯಾರೆಂದು ಗೊತ್ತಿತ್ತು.

"ಆ ತಂತಿ ಕಟ್ಟಿರೋದು ಯಾರೂ ದಾಟಬಾರದು ಅಂತ," ಎಂದ ಮಾರ್ಸಿಯಾಲ್, ಟ್ರ್ಯಾಕ್ಟರಿನ ಮೇಲೆ ಕೂತೇ. "ನನ್ನ ಹಸುಗಳಿಗೆ ಅದು ಅರ್ಥ ಆಗತ್ತೆ."

"ಹಸುಗಳಿಗೆ ಹುಲ್ಲಿದ್ರೆ ಸಾಕು ಕಣೋ. ನಂಗೆ ದಾರಿ ಬೇಕು."

"ದಾರಿ ಕೆಳಗಿದೆಯಲ್ಲ. ಅಗಲವಾಗಿದೆ, ಬಿಳೀ ಗೆರೆ ಬೇರೆ ಎಳೆದಿದಾರೆ. ನಿಮ್ಮಂಥೋರಿಗೇ ಮಾಡಿಸಿರೋದು."

"ಮರದ ಲಾರಿಗಳಿಗೆ ಮಾಡಿಸಿರೋದು. ನೀನೊಂದ್ಸಲ ಅಲ್ಲಿ ಸೈಕಲ್ ತುಳಿದು ತೋರಿಸು, ನಾಳೆಯಿಂದ ನಾನು ಇತ್ಲಾಗೆ ತಲೆ ಹಾಕಲ್ಲ."

"ಈ ವಯಸ್ಸಲ್ಲಿ ಸೈಕಲ್ ತುಳಿಯೋಕೆ ನಂಗೇನು ತಲೆ ಕೆಟ್ಟಿದೆಯಾ."

ಒಡಿಲ್ ಕಾಲನ್ನು ಜಗ್ಗಿದಳು. ಗೇಣುದ್ದ ಬಟ್ಟೆ ಹರಿದು ತಂತಿಯಲ್ಲೇ ಉಳಿಯಿತು. ಅವಳು ಸೈಕಲ್ ಹತ್ತಿ ಎರಡು ಸಲ ತುಳಿಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಾಳೆ ಇನ್ನೊಂದು ಎಳೆ ಕಟ್ತೀನಿ."

"ಕಟ್ಟು. ನಾನೂ ಹಳೇ ಪ್ಯಾಂಟ್ ಹಾಕ್ಕೊಂಡು ಬರ್ತೀನಿ."

ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆ ಶಾಲೆಯ ಅಡುಗೆಮನೆಯಲ್ಲೇ ಒಡಿಲ್ ಮುಂದೆ ಜೀವಮಾನವಿಡೀ ಮಕ್ಕಳಿಗೆ ಸೂಪು ಕುದಿಸಿದಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ವರ್ಷ ಅವಳ ಕೆಲಸವೂ ಮುಗಿಯಿತು. ಕಾರು ಓಡಿಸುವುದನ್ನು ಅವಳು ಕಲಿತಿರಲಿಲ್ಲ. ಒಂದು ಸೈಕಲ್ ಕೊಂಡಳು. ಅತ್ತ ವಿಲ್‌ಫೋಂ ಎಂಬ ಊರಿನಲ್ಲಿದ್ದ ಗೆಳತಿ ನಾದೆಜಳೂ ಒಂದು ಕೊಂಡಳು. ಪ್ರತಿ ಬುಧವಾರ ಇಬ್ಬರೂ ಬ್ರೆಡ್ಡು, ಚೀಸು, ಒಂದು ಫ್ಲಾಸ್ಕ್ ಕಾಫಿ ಕಟ್ಟಿಕೊಂಡು ಹೊರಡುವರು. ಪಾಚಿ ಹಿಡಿದ ಕಲ್ಲುಗೋಡೆಗಳ ನಡುವೆ, ಚೆಸ್ಟ್‌ನಟ್ ಮರಗಳ ಕೆಳಗೆ, ಟ್ರ್ಯಾಕ್ಟರ್ ಬಿಟ್ಟರೆ ಬೇರೇನೂ ಎದುರಾಗದ ದಾರಿಗಳು. ಅವುಗಳಲ್ಲೆಲ್ಲ ಮಾರ್ಸಿಯಾಲನ ಕೊಟ್ಟಿಗೆಯ ಪಕ್ಕ ಹಾದು ವಿಲ್‌ಫೋಂಗೆ ಇಳಿಯುವ ದಾರಿಯೇ ಮುಖ್ಯವಾದದ್ದು. ಅದಿಲ್ಲದಿದ್ದರೆ ಎರಡೂ ಊರುಗಳ ನಡುವೆ ಉಳಿಯುವುದು ಹೆದ್ದಾರಿ ಒಂದೇ.

ಕಳೆದ ಬೇಸಿಗೆಯಲ್ಲಿ ಅವನು ಆ ದಾರಿಯ ಎರಡೂ ತುದಿಗೆ ತಂತಿ ಬಿಗಿದ. ಯಾಕೆಂದು ಯಾರಿಗೂ ಹೇಳಲಿಲ್ಲ. ಇಬ್ಬರೂ ಹೆದ್ದಾರಿ ಹಿಡಿದರು. ಮೂರನೆಯ ಬುಧವಾರ ದಿಮ್ಮಿ ತುಂಬಿದ ಲಾರಿಯೊಂದು ಪಕ್ಕದಲ್ಲೇ ಹಾದು, ಅದರ ಗಾಳಿಗೆ ನಾದೆಜ್ ಸೈಕಲ್ ಸಮೇತ ಚರಂಡಿಗೆ ಬಿದ್ದಳು. ಭುಜದ ಮೂಳೆ ಮುರಿಯಿತು. ಲಾರಿಯವನಿಗೆ ಗೊತ್ತೂ ಆಗಲಿಲ್ಲ. ಅವಳ ಸೈಕಲ್ ಈಗ ಶೆಡ್ಡಿನ ಗೋಡೆಗೆ ನೇತುಬಿದ್ದಿದೆ.

ಒಡಿಲ್ ಊರಿನ ಮೇಯರ್ ತಿಕ್ಸಿಯೆ ಅವರ ಕಚೇರಿಗೆ ಹೋಗಿದ್ದಳು.

"ದಾರಿ ಊರಿಂದೇ ಒಡಿಲ್, ನಾನೇನು ಇಲ್ಲ ಅಂತೀನಾ," ಎಂದಿದ್ದರು ಮೇಯರಮ್ಮ. "ಆದ್ರೆ ಯಾರೂ ಓಡಾಡದ ದಾರೀನ ಪಕ್ಕದ ಜಮೀನಿನೋರು ಕೇಳಿದ್ರೆ ಮಾರಬಹುದು. ಮಾರ್ಸಿಯಾಲ್ ಕೇಳಿದಾನೆ. ಚಳಿ ಕಳೆದ ಮೇಲೆ ನಾವು ಊರ ಸಭೆಯ ಸದಸ್ಯರೆಲ್ಲ ಬಂದು ನೋಡ್ತೀವಿ."

"ತಂತಿ ಬಿಗಿದಿದಾನಲ್ಲ, ಅದಕ್ಕೇನು ಮಾಡ್ತೀರಿ?"

"ಬಿಚ್ಚಿಸೋಕೆ ಹೋದ್ರೆ ಊರು ಎರಡು ಪಾಲಾಗತ್ತೆ. ಇರೋದೇ ನಾಲ್ಕು ಮನೆ."

"ಯಾರಾದ್ರೂ ಓಡಾಡ್ತಾ ಇದ್ರೆ ಮಾರೋಕಾಗತ್ತಾ?"

"ಆಗಲ್ಲ. ಆದ್ರೆ ಅಲ್ಲಿ ಯಾರು ಓಡಾಡ್ತಾರೆ?"

"ನಾನು," ಎಂದು ಒಡಿಲ್ ಎದ್ದು ಬಂದಿದ್ದಳು. ಮರುದಿನದಿಂದಲೇ ಶುರು ಮಾಡಿದಳು. ಬುಧವಾರ ಮಾತ್ರವಲ್ಲ, ದಿನಾ.

ಚಳಿಗಾಲ ಬಂತು. ಗಾಳಿ ತಡೆಯಲು ಎದೆಗೆ ಹಳೆಯ ಪತ್ರಿಕೆಯ ಹಾಳೆ ಇಟ್ಟು ಮೇಲೆ ಜಾಕೆಟ್ಟಿನ ಜಿಪ್ ಎಳೆದುಕೊಂಡು ಅವಳು ಬೆಳಗಿನ ಮಂಜಿನಲ್ಲಿ ಹೊರಡುವಳು. ತಂತಿ ಎರಡು ಎಳೆಯಾಯಿತು, ಮೂರಾಯಿತು. ಒಂದು ಏಣಿಯ ಮೆಟ್ಟಿಲಿನ ಹಾಗೆ ಅವಳು ಅದನ್ನೇ ಹತ್ತಿ ಇಳಿಯುವುದನ್ನು ಕಲಿತಳು. ಡಿಸೆಂಬರಿನಲ್ಲಿ ಒಂದು ದಿನ ದಾರಿಯ ತುಂಬ ಹಸಿ ಗೊಬ್ಬರ ಚೆಲ್ಲಿತ್ತು. ಟ್ರಾಲಿಯಿಂದ ಬಿದ್ದದ್ದಲ್ಲ, ಹರಡಿದ್ದು. ಅವಳು ಅದರ ನಡುವೆಯೇ ತುಳಿದುಕೊಂಡು ವಿಲ್‌ಫೋಂ ತಲುಪಿದಾಗ ನಾದೆಜ್ ಬಾಗಿಲಲ್ಲೇ ತಡೆದಳು.

"ಬೂಟು ಹೊರಗೆ. ಪ್ಯಾಂಟೂ ಹೊರಗೆ. ನೀನೂ ಹೊರಗಿದ್ರೆ ಇನ್ನೂ ಒಳ್ಳೇದು."

"ಕಾಫಿ ಕೊಡ್ತೀಯೋ ಇಲ್ವೋ?"

"ಕಿಟಕಿಯಿಂದ ಕೊಡ್ತೀನಿ." ಕೊಟ್ಟಳು ಕೂಡ. ಒಡಿಲ್ ಅಂಗಳದಲ್ಲಿ ನಿಂತೇ ಕುಡಿದಳು. ಲೋಟ ಹಿಂದಕ್ಕೆ ತೆಗೆದುಕೊಳ್ಳುವಾಗ ನಾದೆಜಳ ಎಡಗೈ ಭುಜದ ಮಟ್ಟಕ್ಕೆ ಏರದೆ ಅರ್ಧಕ್ಕೇ ನಿಂತಿತು. "ಬಿಟ್ಟುಬಿಡೆ ಮಾರಾಯ್ತಿ," ಎಂದಳು ನಾದೆಜ್. "ನಾನಂತೂ ಇನ್ನು ಸೈಕಲ್ ಹತ್ತಲ್ಲ. ಯಾರಿಗೋಸ್ಕರ ಇಷ್ಟು ಒದ್ದಾಡ್ತೀಯ?"

"ನೀನು ಹತ್ತೋ ದಿನ ದಾರಿ ಇರ್ಬೇಕಲ್ಲ."

ಜನವರಿಯಲ್ಲಿ ಕೊಟ್ಟಿಗೆಯ ತಿರುವಿನಲ್ಲಿ ನೀರು ಹರಿದು ಗಾಜಿನಂತೆ ಹೆಪ್ಪುಗಟ್ಟಿತ್ತು. ಬ್ರೇಕ್ ಹಿಡಿಯಬಾರದೆಂದು ತಿಳಿದೂ ಹಿಡಿದಳು. ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಸೊಂಟ ನೆಲಕ್ಕೆ ಬಡಿದ ನೋವಿಗೆ ಸ್ವಲ್ಪ ಹೊತ್ತು ಉಸಿರು ಸಿಕ್ಕಲಿಲ್ಲ. ಕಣ್ಣು ಬಿಟ್ಟಾಗ ಮುಂದೆ ಎರಡು ರಬ್ಬರ್ ಬೂಟುಗಳಿದ್ದವು.

"ಮುರಿದಿದೆಯಾ?" ಎಂದು ಕೇಳಿದ ಮಾರ್ಸಿಯಾಲ್.

"ಇಲ್ಲ ಅನ್ಸತ್ತೆ."

"ನಾನು ಸೈಕಲ್ ಬಗ್ಗೆ ಕೇಳಿದ್ದು."

ಅವಳಿಗೆ ನಗು ಬಂತು, ನಕ್ಕರೆ ನೋವೂ ಬಂತು. ಅವನು ಕೈ ಕೊಟ್ಟು ಎಬ್ಬಿಸಲಿಲ್ಲ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಕಳಚಿದ ಚೈನನ್ನು ಹಲ್ಲಿಗೆ ಕೂರಿಸತೊಡಗಿದ. ಕೈ ಕೆಲಸದಲ್ಲಿದ್ದುದರಿಂದಲೋ ಏನೋ ಬಾಯಿ ಬಿಟ್ಟ.

"ಹೋದ ವರ್ಷ ಏಪ್ರಿಲ್‌ನಲ್ಲಿ ಬಣ್ಣಬಣ್ಣದ ಅಂಗಿಯೋರು ಒಂದು ಹಿಂಡು ಸೈಕಲ್ ಮೇಲೆ ಬಂತು. ಪ್ಯಾಟೆಯೋರು. ಮೇಲಿಂದ ಇಳೀತಾ ಕೂಗ್ತಾ, ಚಕ್ರ ಕಿರ್ ಅನ್ನಿಸ್ತಾ. ಇಲ್ಲೇ ಬೇಲಿ ಪಕ್ಕ ನನ್ನ ಹಸು ಕರು ಹಾಕ್ತಾ ಇತ್ತು. ಕರುವಿನ ಕಾಲು ಹೊರಗೆ ಬಂದಿತ್ತು. ಆ ಸದ್ದಿಗೆ ಬೆದರಿ ಎದ್ದು ಓಡ್ತು. ಹಳ್ಳಕ್ಕೆ ಬಿತ್ತು."

ಅವನು ಪೆಡಲ್ ತಿರುಗಿಸಿ ನೋಡಿದ. ಚೈನು ಸರಿಯಾಗಿ ಓಡಿತು.

"ಕರು ಹೋಯ್ತು. ತಾಯೀನೂ ಉಳೀಲಿಲ್ಲ. ಅವರು ಯಾರೂ ಹಿಂದಿರುಗಿ ನೋಡಲಿಲ್ಲ."

"ಅದು ನಾವಲ್ಲ ಮಾರ್ಸಿಯಾಲ್."

"ಗೊತ್ತು. ಚಕ್ರ ಯಾರದಾದ್ರೂ ಚಕ್ರಾನೇ."

ಲಾರಿಯವನೂ ಹಿಂದಿರುಗಿ ನೋಡಲಿಲ್ಲ ಎಂದು ಅವಳು ಹೇಳಬಹುದಿತ್ತು. ನಾದೆಜಳ ಅರ್ಧಕ್ಕೆ ನಿಂತ ಕೈಯ ವಿಷಯ ಹೇಳಬಹುದಿತ್ತು. ಆದರೆ ಅವನು ಹಳ್ಳದ ಕಡೆ ನೋಡುತ್ತ ನಿಂತಿದ್ದ. ಸೈಕಲ್ ಹಿಡಿದುಕೊಂಡು ಕುಂಟುತ್ತ ಮನೆಗೆ ತಳ್ಳಿಕೊಂಡು ಹೋದಳು. ರಾತ್ರಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದವಳಿಗೆ, ಅವನ ಕಡೆಯೂ ನ್ಯಾಯ ಇದೆಯಲ್ಲ ಅನ್ನಿಸಿತು. ತಾನು ಸುಮ್ಮನಾದರೆ? ಸುಮ್ಮನಾದರೆ ಸತ್ತ ಕರು ಏಳುವುದಿಲ್ಲ, ಹೆದ್ದಾರಿ ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಸೈಕಲ್ ಮೇಲೆ ಕೂರಲಾಗಲಿಲ್ಲ. ಊರುಗೋಲಿನ ಹಾಗೆ ಅದನ್ನೇ ಹಿಡಿದು ನಡೆದುಕೊಂಡು ಹೋದಳು. ವಾರವಿಡೀ ನಡೆದೇ ಹೋದಳು. ಹಿಮ ಬಿದ್ದ ದಿನವೂ ಹೋದಳು. ಆ ದಿನ ಅವಳ ಹೆಜ್ಜೆ, ಚಕ್ರದ ಗೆರೆ ಬಿಟ್ಟರೆ ದಾರಿಯ ಮೇಲೆ ನರಿಯದೊಂದು ಜಾಡು ಮಾತ್ರ ಇತ್ತು.

ಮಾರ್ಚ್ ಕೊನೆಗೆ ಮೇಯರಮ್ಮ ಸದಸ್ಯರನ್ನು ಕರೆದುಕೊಂಡು ಬಂದರು. ಅವರಲ್ಲಿ ಮಾರ್ಸಿಯಾಲನ ಚಿಕ್ಕಪ್ಪನ ಮಗ ಜೋಯೆಲನೂ ಇದ್ದ. ಸಂಜೆ ಕತ್ತಲಾಗುವ ಮೊದಲು ಮುಗಿಸುವ ಅವಸರ ಎಲ್ಲರಿಗೂ. ಒಡಿಲ್ ಸೈಕಲ್ ಹಿಡಿದು ಒಂದು ಪಕ್ಕ ನಿಂತಿದ್ದಳು. ಭಾಷಣದ ಹಾಗೆ ಕೆಲವು ಮಾತು ಹೊಂದಿಸಿಕೊಂಡು ಬಂದಿದ್ದಳು. ಕರು ಸತ್ತದ್ದನ್ನು ತಾನೇ ಮೊದಲು ಹೇಳಿಬಿಡಬೇಕು, ಆಮೇಲೆ ನಾದೆಜಳ ವಿಷಯ ಎಂದುಕೊಂಡಿದ್ದಳು.

"ನೋಡಿ, ಹುಲ್ಲು ಬೆಳೆದುಬಿಟ್ಟಿದೆ," ಎಂದ ಜೋಯೆಲ್. "ವರ್ಷದಿಂದ ಒಂದು ನರಪಿಳ್ಳೆ ಇಲ್ಲಿ ಹಾದಿಲ್ಲ. ಈಯಮ್ಮ ಇವತ್ತು ಸೈಕಲ್ ತಂದು ನಿಲ್ಲಿಸಿದ ಮಾತ್ರಕ್ಕೆ ಆಯ್ತಾ?"

ಒಡಿಲಳಿಗೆ ಹೊಂದಿಸಿದ ಮಾತೆಲ್ಲ ಮರೆತುಹೋಯಿತು. ಮೇಯರಮ್ಮ ಅವಳನ್ನು ನೋಡಲಿಲ್ಲ, ಜಮೀನಿನವನನ್ನು ನೋಡಿದರು.

"ನೀನೇ ಹೇಳು ಮಾರ್ಸಿಯಾಲ್. ಇಲ್ಲಿ ಯಾರಾದ್ರೂ ಓಡಾಡ್ತಾರಾ?"

ಅವನು ಟೋಪಿ ತೆಗೆದು, ಒಳಗಡೆ ನೋಡಿ, ಮತ್ತೆ ಹಾಕಿಕೊಂಡ.

"ಇವಳು ಓಡಾಡ್ತಾಳೆ."

"ಯಾವಾಗಾದ್ರೊಮ್ಮೆನಾ?"

"ದಿನಾ. ತಂತಿ ಹಾಕಿದೆ, ದಾಟಿದ್ಲು. ಗೊಬ್ಬರ ಹಾಕಿದೆ, ತುಳ್ಕೊಂಡು ಹೋದ್ಲು. ಹಿಮ ಬಿದ್ದಾಗ ನಾನೇ ಮನೆ ಬಿಟ್ಟು ಹೊರಗೆ ಬಂದಿರ್ಲಿಲ್ಲ, ಇವಳು ಬಂದಿದ್ಲು. ಹುಡುಗಿ ಆಗಿದ್ದಾಗ್ಲೂ ಹಿಂಗೇ. ಕತ್ತೆ ಥರ."

"ನಿನ್ನ ಬಾಯಿಂದ ನೀನೇ ಯಾಕೋ ಕಳ್ಕೊಳ್ತೀಯ?" ಎಂದು ಜೋಯೆಲ್ ಗೊಣಗಿದ.

"ಕೇಳಿದ್ರು, ಹೇಳ್ದೆ. ಬಂದಿರೋಳನ್ನ ಬಂದಿಲ್ಲ ಅನ್ಲಾ?" ಎಂದ ಮಾರ್ಸಿಯಾಲ್, ಹಾಲು ಕರೆಯುವ ಹೊತ್ತಾದವನಂತೆ ಕೊಟ್ಟಿಗೆಯತ್ತ ನಡೆದುಬಿಟ್ಟ. ಅವನವು ಹಾಲಿಗಲ್ಲ, ಮಾಂಸಕ್ಕೆ ಸಾಕಿದ ಹಸುಗಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ದಾರಿ ಮಾರಾಟವಾಗಲಿಲ್ಲ. ತಂತಿ ಒಂದು ವಾರ ಇತ್ತು, ಆಮೇಲೆ ಒಂದು ಬೆಳಿಗ್ಗೆ ಇರಲಿಲ್ಲ. ಅವನು ಪ್ರತಿಯಾಗಿ ಏನೂ ಕೇಳಲಿಲ್ಲ, ಅವಳೂ ಮಾತು ಕೊಡಲಿಲ್ಲ. ಎದುರು ಸಿಕ್ಕಾಗ ಅವನು ಟೋಪಿಯ ಅಂಚು ಮುಟ್ಟುತ್ತಿದ್ದ, ಅಷ್ಟೆ.

ಏಪ್ರಿಲ್‌ನ ಎರಡನೆಯ ಬುಧವಾರ ನಾದೆಜ್ ಗೋಡೆಯಿಂದ ಸೈಕಲ್ ಇಳಿಸಿದಳು. ಚಕ್ರಕ್ಕೆ ಗಾಳಿ ತುಂಬಿ, ಅಂಗಳದಲ್ಲಿ ಎರಡು ಸುತ್ತು ಹಾಕಿ, ಬೈದುಕೊಳ್ಳುತ್ತಲೇ ಒಡಿಲಳ ಹಿಂದೆ ದಾರಿಗೆ ಬಿದ್ದಳು. ಏರು ಮುಗಿಯುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಗೇರು ಸರಿ ಬೀಳುತ್ತಿಲ್ಲ, ಸೀಟು ಕಲ್ಲು, ಭುಜ ಹಿಡಿದುಕೊಂಡಿದೆ, ನಿನ್ನ ಮಾತು ಕೇಳಿದ್ದು ನನ್ನ ತಪ್ಪು. ಒಡಿಲ್ ಹಿಂದಿರುಗಿ ನೋಡದೆ ತುಳಿಯುತ್ತಿದ್ದಳು. ಬೇಲಿಯ ಗಿಡಗಳಲ್ಲಿ ಬಿಳಿ ಹೂ ಬಿಟ್ಟಿತ್ತು.

ಕೊಟ್ಟಿಗೆ ಕಂಡ ಕೂಡಲೇ ಒಡಿಲ್ ಕೈ ಎತ್ತಿ, ಸೈಕಲ್ಲಿನಿಂದ ಇಳಿದಳು.

"ಏನಾಯ್ತೇ? ಪಂಕ್ಚರಾ?"

ಒಡಿಲ್ ತುಟಿಯ ಮೇಲೆ ಬೆರಳಿಟ್ಟಳು. ತೆರೆದ ಬಾಗಿಲಿನೊಳಗೆ ಒಣಹುಲ್ಲಿನ ಮೇಲೆ ಕೆಂಗಂದು ಹಸುವೊಂದು ಮಲಗಿತ್ತು. ಮಾರ್ಸಿಯಾಲ್ ಅದರ ಹಿಂದೆ ಮಂಡಿಯೂರಿದ್ದ, ತೋಳು ಮೊಣಕೈವರೆಗೂ ಒದ್ದೆ. ಅವನು ತಲೆ ತಿರುಗಿಸಲಿಲ್ಲ.

ತಳ್ಳಿಕೊಂಡು ಹೋದರೆ ಹಿಂದಿನ ಚಕ್ರ ಟಿಕಟಿಕ ಎನ್ನುತ್ತದೆ. ಒಡಿಲ್ ಸೀಟಿನ ಕೆಳಗೆ ಕೈ ಹಾಕಿ ಆ ಚಕ್ರವನ್ನು ನೆಲದಿಂದ ಮೇಲಕ್ಕೆತ್ತಿ ಹಿಡಿದುಕೊಂಡಳು. ಹಾಗೆಯೇ ಎತ್ತಿಕೊಂಡು, ಹುಲ್ಲಿನ ಮೇಲೆ ಹೆಜ್ಜೆ ಇಡುತ್ತ ನಡೆಯತೊಡಗಿದಳು. ಹಿಂದೆ ನಾದೆಜ್ ಒಂದು ಗಳಿಗೆ ನೋಡಿದಳು. ಆಮೇಲೆ ಅವಳೂ ಬಲಗೈಯಿಂದ ತನ್ನದನ್ನು ಎತ್ತಿದಳು.