ತಣ್ಣನೆ ಹಬೆಯ ಬಿಳಿ ಪುಡಿ

ಕುವೆಂಪುನಗರದ ಆ ಮನೆಗೆ ಹಬೆ ಬಿಡುವ ಯಂತ್ರ ಬಂದದ್ದು 2005ರ ಸಂಕ್ರಾಂತಿ ಕಳೆದ ಮೇಲೆ. ಅದಕ್ಕೆ ಕಾರಣ ನಿಶ್ಚಿತಾಳ ಮೂಗು. ಚಳಿಗಾಲದ ಒಣ ಗಾಳಿಗೆ ಐದು ವರ್ಷದ ಆ ಹುಡುಗಿಯ ಮೂಗಿನ ಒಳಗೆಲ್ಲ ಬಿರಿದು, ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ರಕ್ತದ ಕಲೆ. ಜೊತೆಗೆ ಒಣ ಕೆಮ್ಮು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಗಾಬರಿ ಏನಿಲ್ಲ, ಕೋಣೆ ಗಾಳಿಗೆ ಸ್ವಲ್ಪ ತೇವ ಬೇಕು. ಹ್ಯುಮಿಡಿಫೈಯರ್ ಇಡಿ. ಬಿಸಿ ಹಬೆದೂ ಬರತ್ತೆ, ತಣ್ಣನೆ ಹಬೆದೂ ಬರತ್ತೆ. ಯಾವುದಾದ್ರೂ ಆಗತ್ತೆ," ಎಂದರು. ಯಾವುದಾದರೂ ಆಗುತ್ತದೆ ಎಂದುಬಿಟ್ಟರೆ ಮನೆಯವರಿಗೆ ವಾದ ಮಾಡಲು ಇನ್ನೇನು ಬೇಕು?

"ಹಬೆ ಅಂದ್ಮೇಲೆ ಬಿಸಿ ಇರ್ಬೇಕು ಕಣೋ," ಎಂದು ಬಸಮ್ಮ ಮಗ ನಾಗಾರ್ಜುನನಿಗೆ ಖಡಾಖಂಡಿತವಾಗಿ ಹೇಳಿದರು. "ತಣ್ಣಗಿರೋದು ಇಬ್ಬನಿ. ಮಗೂನ ಇಬ್ಬನೀಲಿ ಮಲಗಿಸಿದ್ರೆ ಶೀತ ಆಗ್ದೆ ಇನ್ನೇನಾದಾತು?"

"ಬಿಸಿದರಲ್ಲಿ ನೀರು ಕುದೀತಾ ಇರತ್ತೆ ಅತ್ತೆ," ಎಂದಳು ಸೊಸೆ ಮಧುಶ್ರೀ. "ಇವಳ ಕೈ ಸುಮ್ನಿರತ್ತಾ?"

ನಿಶ್ಚಿತಾ ಮಿಕ್ಸಿಯೊಳಗೂ ಬೆರಳಿಟ್ಟವಳು, ಎದುರು ಮನೆಯ ನಾಯಿಯ ಬಾಯೊಳಗೂ ಬೆರಳಿಟ್ಟವಳು. ನಾಗಾರ್ಜುನ ಸ್ಕೂಟರಿನಲ್ಲಿ ಹೋಗಿ ತಣ್ಣನೆ ಹಬೆಯದನ್ನೇ ತಂದ.

ಯಂತ್ರ ಬಸಮ್ಮನ ಕೋಣೆಯಲ್ಲೇ ಕೂತಿತು, ಯಾಕೆಂದರೆ ಮಗು ಮಲಗುತ್ತಿದ್ದದ್ದು ಅಜ್ಜಿಯ ಪಕ್ಕ. ಗಂಡ ರುದ್ರಸ್ವಾಮಿ ತೀರಿಕೊಂಡ ವರ್ಷ ಆ ಕೋಣೆಯಲ್ಲಿ ಒಬ್ಬರೇ ಮಲಗಲಾರದೆ ಬಸಮ್ಮ ಕಂಗಾಲಾಗಿದ್ದಾಗ, ಎಳೆಗೂಸನ್ನು ತಂದು ಪಕ್ಕದಲ್ಲಿ ಮಲಗಿಸಿದವಳು ಮಧುಶ್ರೀಯೇ. ಅಂದಿನಿಂದ ಆ ಪುಟ್ಟ ಉಸಿರು ಕಿವಿಗೆ ಬೀಳದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಲಗುವ ಮುಂಚೆ ಮಗುವಿನ ಹಣೆಗೆ ವಿಭೂತಿ ಹಚ್ಚಿ, ಕೆಟ್ಟ ಕನಸು ಬೀಳದಿರಲಿ ಎಂದು ಕೇಳಿಕೊಳ್ಳುವುದು ಅವರ ದಿನದ ಕೊನೆಯ ಕೆಲಸ.

ಬೇಡವೆಂದಿದ್ದ ಯಂತ್ರ ಬಂದದ್ದೇ ತಡ, ಬಸಮ್ಮನಿಗೆ ಅದರದೇ ಧ್ಯಾನವಾಯಿತು. ಹಬೆಗೆ ಅಂಗೈ ಒಡ್ಡಿದರು, ತಣ್ಣಗಿತ್ತು. ಕನ್ನಡಕ ಏರಿಸಿ ಇಣುಕಿದರು, ಬೆಂಕಿಯಿಲ್ಲ, ಕುದಿಯಿಲ್ಲ, ಸಣ್ಣಗೆ ಗುಯ್‌ಗುಟ್ಟುವ ಸದ್ದು ಮಾತ್ರ. ಕುದಿಯದ ನೀರು ಮೇಲೇಳುವುದಾದರೂ ಹೇಗೆ? ಕೇಳಿದರೆ ನಾಗಾರ್ಜುನ, "ನೀರನ್ನ ಅಲ್ಲಾಡ್ಸಿ ಅಲ್ಲಾಡ್ಸಿ ಪುಡಿ ಮಾಡತ್ತಂತೆ ಅವ್ವ," ಎಂದು ಜಾರಿಕೊಂಡ. ನೀರನ್ನು ಪುಡಿ ಮಾಡುವುದೆಂದರೇನು ಎಂದು ಬಸಮ್ಮ ಅವತ್ತೆಲ್ಲ ಯೋಚಿಸಿದರು.

ಮೂಗಿನ ರಕ್ತವೇನೋ ನಿಂತಿತು. ಕೆಮ್ಮು ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಕೋಣೆಯ ತುಂಬ ಬಿಳಿ ಪುಡಿ ಕಾಣಿಸತೊಡಗಿತು. ಕನ್ನಡಿಯ ಮೇಲೆ, ರೇಡಿಯೋದ ಮೇಲೆ, ಕಂಬಳಿಯ ಮೇಲೆ, ಎಲ್ಲಿ ಕೈಯಿಟ್ಟರೂ ಬೆರಳು ಬೆಳ್ಳಗಾಗುತ್ತಿತ್ತು. ಎರಡು ಹೊತ್ತೂ ಮೈಗೆ ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕೂರುವ ಮುದುಕಿಯ ಕೋಣೆಯಲ್ಲಿ ಬಿಳಿ ಪುಡಿ ಬಿದ್ದರೆ ಅದು ಏನೆಂದು ಯಾರಾದರೂ ಯೋಚಿಸುತ್ತಾರೆಯೇ? ಬಸಮ್ಮನೇ ಯೋಚಿಸಲಿಲ್ಲ.

"ತಪ್ಪು ತಿಳ್ಕೋಬೇಡಿ ಅತ್ತೆ," ಎಂದಳು ಮಧುಶ್ರೀ. "ವಿಭೂತಿ ಪುಡಿ ಮಗು ಎದೆಗೆ ಹೋಗ್ತಿದೆ ಅನ್ಸತ್ತೆ. ಇವಳು ನಮ್ಮ ಹತ್ರಾನೇ ಮಲಗಲಿ."

ಬಸಮ್ಮ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. "ಸ್ವಲ್ಪ ದಿನ ನೋಡು ಕಣಮ್ಮ. ಈ ಕೋಣೇಲಿ ನಾನು ವಿಭೂತಿ ಮುಟ್ಟಾಕಿಲ್ಲ. ಆಮೇಲೂ ಪುಡಿ ಬಿತ್ತು ಅಂದ್ರೆ ಕರ್ಕೊಂಡು ಹೋಗ್ಬುಡು."

ಮಾತಿನಂತೆ ನಡೆದರು. ಪೂಜೆ ಅಡುಗೆಮನೆಯ ಮೂಲೆಗೆ ಹೋಯಿತು. ಪೂಜೆ ಮುಗಿಯುತ್ತಲೇ ಹಣೆಯನ್ನು ಉಜ್ಜಿ ತೊಳೆದು, ಸೀರೆ ಬದಲಿಸಿ ಕೋಣೆಗೆ ಬರುತ್ತಿದ್ದರು. ಬುದ್ಧಿ ಬಂದಾಗಿನಿಂದ ಬಸಮ್ಮನ ಹಣೆ ಬರಿದಾಗಿದ್ದದ್ದೇ ಇಲ್ಲ. ಬಾಣಂತನದಲ್ಲೂ ಇಲ್ಲ, ಗಂಡ ಸತ್ತ ದಿನವೂ ಇಲ್ಲ. ನಿಶ್ಚಿತಾ ಮೊದಲ ದಿನ ಅವರನ್ನು ದಿಟ್ಟಿಸಿ ನೋಡಿ, "ಅಜ್ಜಿ, ನಿನ್ ಹಣೆ ಎಲ್ಲೋಯ್ತು?" ಎಂದು ಕೇಳಿದಳು. ಬಸಮ್ಮ ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತರು.

ಆದರೆ ಪುಡಿ ಬೀಳುವುದು ನಿಲ್ಲಲಿಲ್ಲ. ಶನಿವಾರ ಸಂಜೆ ಮಧುಶ್ರೀ ಕನ್ನಡಿಯ ಮೇಲೆ ಬೆರಳಾಡಿಸಿ, "ವರ್ಷಗಟ್ಟಲೆ ಕಂಬಳಿಯೊಳಗೆ ಸೇರ್ಕೊಂಡಿರತ್ತೆ ಅತ್ತೆ," ಎಂದು ಮೆಲ್ಲಗೆ ಹೇಳಿದಳು. "ನಾಳೆಯಿಂದ ಇವಳು ನಮ್ಮ ಹತ್ರ ಮಲಗಲಿ, ಆಯ್ತಾ?" ಕೊಟ್ಟ ಮಾತು ತಮ್ಮದೇ. ಬಸಮ್ಮ ತಲೆಯಾಡಿಸಿದರು.

ಮರುದಿನ ಬೆಳಗಾದಾಗ ಅವರಿಗೆ ದುಃಖಕ್ಕಿಂತ ಕುತೂಹಲವೇ ದೊಡ್ಡದಾಗಿತ್ತು. ನನ್ನದಲ್ಲದಿದ್ದರೆ ಇದು ಯಾರದು? ಕನ್ನಡಿಯ ಮೇಲಿನ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ತಿಕ್ಕಿದರು. ವಿಭೂತಿ ಕಣ್ಣು ಕಟ್ಟಿದರೂ ಗೊತ್ತಾಗುತ್ತದೆ, ನುಣ್ಣಗೆ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಇದು ತರಿತರಿಯಾಗಿತ್ತು. ಅತ್ತ ಇತ್ತ ನೋಡಿ ನಾಲಿಗೆಗೂ ಇಟ್ಟುಕೊಂಡರು. ಸಪ್ಪೆ, ಒಂಚೂರು ಕಹಿ, ಹಿತ್ತಲಿನ ಬೋರ್‌ವೆಲ್ ನೀರಿನದೇ ರುಚಿ!

ಸೀದಾ ಬಚ್ಚಲಿಗೆ ನಡೆದರು. ಬೋರ್‌ವೆಲ್ ನೀರು ಕಾಯಿಸುವ ತಾಮ್ರದ ಹಂಡೆಯೊಳಗೆ ಕೈಯಿಟ್ಟರೆ ಗಟ್ಟಿಯಾಗಿ ಕಟ್ಟಿಕೊಂಡ ಬಿಳಿ ಪೊರೆ, ಇದೇ ತರಿ. ಆದರೆ ಹಬೆ ಬಡಿಯುವ ಮುಚ್ಚಳ? ಸವರಿ ನೋಡಿದರು. ಅಲ್ಲಿ ಪೊರೆಯ ಸುಳಿವೇ ಇರಲಿಲ್ಲ. ಬಸಮ್ಮ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಮನೆಗೆ ಹೊರಟರು.

ಪಕ್ಕದ ಮನೆಯ ಡೊರೊತಿ ಆಗಷ್ಟೇ ಚರ್ಚಿನಿಂದ ಬಂದಿದ್ದಳು. ಅವಳ ಮಾವ ಅಂತೋಣಪ್ಪನಿಗೆ ದಮ್ಮು, ಹಾಗಾಗಿ ಅವರ ಮನೆಯಲ್ಲಿ ಬಿಸಿ ಹಬೆಯ ಯಂತ್ರವಿತ್ತು.

"ಡೊರೊತಮ್ಮ, ನಿಮ್ಮ ಮಿಷನ್ನು ಒಂದೊತ್ತು ಕೊಡಿ. ಒಂದು ಕರಿ ಕೊಡೇನೂ ಬೇಕು."

"ಕೊಡೆ ಯಾಕೆ ಬಸಮ್ಮನೋರೇ? ಮಳೆ ಇಲ್ವಲ್ಲ?"

"ಮಳೆ ಮನೆ ಒಳಗೇ ಸುರೀತದೆ. ಬನ್ನಿ, ನೀವೂ ನೋಡೀರಂತೆ."

ಕಾಫಿ ಲೋಟ ಹಿಡಿದು ಬಂದ ನಾಗಾರ್ಜುನ ಬಾಗಿಲಲ್ಲೇ ನಿಂತುಬಿಟ್ಟ. ಅವ್ವನ ಕೋಣೆಯಲ್ಲಿ ಎರಡು ಕರಿ ಕೊಡೆಗಳು ಬಿಚ್ಚಿಕೊಂಡಿದ್ದವು, ಒಂದು ಅವನದೇ. ಎರಡು ಯಂತ್ರಕ್ಕೂ ಒಂದೇ ಬೋರ್‌ವೆಲ್ ನೀರು, ಒಂದೊಂದಕ್ಕೂ ಒಂದೊಂದು ಕೊಡೆ. ಮಧುಶ್ರೀಗೆ ಮೊದಲು ನಗು ಬಂತು. ಹಂಡೆಯ ಕಥೆ ಕೇಳಿದ ಮೇಲೆ ಅವಳೂ ಒಲೆ ಆರಿಸಿ ಬಂದು ನೆಲದ ಮೇಲೆ ಕೂತಳು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಕೊನೆಗೆ ಕೊಡೆಗಳನ್ನು ಬಿಸಿಲಿಗೆ ಒಣಗಿಸಿ ಒಳಗೆ ತಂದು ನೋಡಿದರೆ, ಬಿಸಿ ಯಂತ್ರದ ಮೇಲಿದ್ದ ಡೊರೊತಿಯ ಕೊಡೆ ಮೊದಲಿನಂತೆಯೇ ಕರ್ರಗಿತ್ತು. ತಣ್ಣನೆಯದರ ಮೇಲಿದ್ದ ನಾಗಾರ್ಜುನನ ಕೊಡೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಿತ್ತು.

"ಕುದಿಯೋದು ನೀರಲ್ಲಿರೋ ಕಲ್ಲನ್ನ ಒಳಗೇ ಬುಟ್ಟು ಬರೀ ನೀರನ್ನ ಮೇಲಕ್ಕೆ ಕಳಿಸ್ತದೆ," ಎಂದರು ಬಸಮ್ಮ. "ಇದು ಕಲ್ಲು ಸಮೇತ ಎತ್ತೆಸೀತದೆ. ನನ್ನ ವಿಭೂತಿ ಅಲ್ಲ ಕಣಮ್ಮ ಮಧು, ನೀರಿನ ಕಲ್ಲು!"

ಮಧುಶ್ರೀ ಕೊಡೆಯಿಂದ ತಲೆ ಎತ್ತಿ ಅತ್ತೆಯ ಬರಿ ಹಣೆಯನ್ನು ನೋಡಿದಳು.

"ಹಂಗಾದ್ರೆ ಬಿಸಿದೇ ಸರಿ, ನೀನೇ ಗೆದ್ದೆ ಅವ್ವ. ನಾಳೇನೇ ಬದಲಾಯಿಸ್ಕೊಂಡು ಬರ್ತೀನಿ," ಎಂದು ನಾಗಾರ್ಜುನ ಉಬ್ಬಿಹೋದ.

ಎಲ್ಲರ ಕಣ್ಣೂ ಕೊಡೆಗಳ ಮೇಲಿತ್ತು. ನಿಶ್ಚಿತಾಳ ಕಣ್ಣು ಮಾತ್ರ ಯಾರೂ ಆರಿಸದೆ ಇನ್ನೂ ಹಬೆ ಉಗುಳುತ್ತಿದ್ದ ಬಿಸಿ ಯಂತ್ರದ ಮೂತಿಯ ಮೇಲಿತ್ತು. ತಣ್ಣನೆಯದರ ಹಬೆಯಲ್ಲಿ ದಿನಾ ಕೈಯಾಡಿಸಿ ಅಭ್ಯಾಸವಾಗಿದ್ದ ಮಗು ಇದಕ್ಕೂ ಕೈ ಚಾಚಿತು. ಬಸಮ್ಮನ ಕೈ ಅದಕ್ಕಿಂತ ಮುಂಚೆ ಅಡ್ಡ ಹೋಯಿತು.

ಮಗುವಿಗೆ ಏನೂ ಆಗಲಿಲ್ಲ. ಬಸಮ್ಮನ ಬಲಗೈಯ ನಡುವಿನ ಮೂರು ಬೆರಳು ಕೆಂಪಗೆ ಬೊಬ್ಬೆಯೆದ್ದವು. ಡೊರೊತಿ ಓಡಿ ಹೋಗಿ ಸ್ವಿಚ್ಚು ಆರಿಸಿದಳು. ಮಧುಶ್ರೀ ಬೆರಳುಗಳನ್ನು ತಣ್ಣೀರಿನ ಬಟ್ಟಲಲ್ಲಿ ಹಿಡಿದುಕೊಂಡು ಕೂತಳು.

"ತಣ್ಣಂದೇ ಇರ್ಲಿ ಕಣೋ," ಎಂದರು ಬಸಮ್ಮ ಉರಿ ನುಂಗಿಕೊಂಡು. "ಬೋರ್ ನೀರು ಬೇಡ. ಕುಡಿಯೋ ಕಾವೇರಿ ನೀರು ಹಾಕಾನ. ಅದ್ರಲ್ಲೂ ಒಂಚೂರು ಪುಡಿ ಬಿದ್ರೆ ದಿನಾ ಒರೆಸ್ತೀನಿ."

ಸಂಜೆ ದೀಪ ಹಚ್ಚಿದ ಮೇಲೆ ಬಸಮ್ಮ ಅಡುಗೆಮನೆಯ ಮೂಲೆಗೆ ಹೊರಟರು. ಮಧುಶ್ರೀ ತಡೆದಳು. ಮಣೆಯನ್ನು ಅವಳೇ ಎತ್ತಿ ತಂದು ಕೋಣೆಯಲ್ಲಿ ಹಳೆಯ ಜಾಗದಲ್ಲಿ ಹಾಕಿದಳು. ಬಸಮ್ಮ ಕೂತರು, ವಿಭೂತಿ ಗಟ್ಟಿ ತೆಗೆದುಕೊಂಡರು, ಬಟ್ಟೆ ಸುತ್ತಿದ ಬೆರಳುಗಳನ್ನು ನೋಡಿ ಅದನ್ನು ಎಡಗೈಗೆ ಬದಲಿಸಿದರು. ವಿಭೂತಿ ಎಳೆಯುವುದು ಆ ಮೂರು ಬೆರಳುಗಳಿಂದಲೇ.

"ಕೊಡಿ ಅತ್ತೆ," ಎಂದು ಮಧುಶ್ರೀ ಎದುರಿಗೆ ಮೊಣಕಾಲೂರಿದಳು. ಗಟ್ಟಿಯನ್ನು ನೀರಲ್ಲಿ ತೇದು, ಅತ್ತೆಯ ಹಣೆಯ ಮೇಲೆ ಮೂರು ಬೆರಳು ಎಳೆದಳು. "ಡೊಂಕಾಯ್ತು."

"ಇರ್ಲಿ ಬುಡು," ಎಂದರು ಬಸಮ್ಮ. ಕಣ್ಣೀರು ತಡೆಯಲಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನಿಶ್ಚಿತಾ, "ಅಜ್ಜಿ ಹಣೆ ಬಂತು!" ಎಂದು ಚಪ್ಪಾಳೆ ತಟ್ಟಿ ಓಡಿ ಬಂದು ತನ್ನ ಹಣೆಯನ್ನೂ ಒಡ್ಡಿದಳು. ಮಧುಶ್ರೀ ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಮಗಳಿಗೆ ಹಚ್ಚಿದಳು. ಆಮೇಲೆ ಎದ್ದು ಹೋಗಿ, ಬೆಳಿಗ್ಗೆಯೇ ತನ್ನ ಕೋಣೆಗೆ ಸಾಗಿಸಿದ್ದ ಪುಟ್ಟ ದಿಂಬನ್ನು ತಂದು ಅಜ್ಜಿಯ ದಿಂಬಿನ ಪಕ್ಕದಲ್ಲಿಟ್ಟಳು.